ಬೀಡಿ ಬಿಟ್ಟ ವಾರ ಮತ್ತು ಗುಳಿಗೆಯ ಪ್ರಮಾಣ
ಚಿತ್ತವಿಕಲತೆಗೆ ಔಷಧ ಸೇವಿಸುತ್ತಿರುವವರ ಕುರಿತು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಧೂಮಪಾನವನ್ನು ಬಿಡುವುದು ಪ್ರತಿಯೊಬ್ಬರಿಗೂ ಹಿತಕರ. ಈ ಮಾತಿಗೆ ಅಪವಾದವಿಲ್ಲ. ಆದರೆ ಚಿತ್ತವಿಕಲತೆ, ಅಂದರೆ ಸ್ಕಿಜೋಫ್ರೇನಿಯಾ ಕಾಯಿಲೆಗಾಗಿ ಕ್ಲೋಜಪಿನ್ ಅಥವಾ ಓಲಾಂಜಪಿನ್ ಎಂಬ ಗುಳಿಗೆಯನ್ನು ಸೇವಿಸುತ್ತಿರುವ ವ್ಯಕ್ತಿಯು ಬೀಡಿ ಅಥವಾ ಸಿಗರೇಟನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅವನ ರಕ್ತದಲ್ಲಿ ಆ ಔಷಧದ ಮಟ್ಟ ಏರತೊಡಗುತ್ತದೆ. ಗುಳಿಗೆ ಅದೇ, ಸಂಖ್ಯೆ ಅದೇ, ಸೇವಿಸುವ ಹೊತ್ತೂ ಅದೇ. ಆದರೂ ಶರೀರದೊಳಗೆ ಔಷಧ ಹೆಚ್ಚಾಗಿರುತ್ತದೆ. ಕ್ಲೋಜಪಿನ್ ಸೇವಿಸುವ ಕೆಲವರಲ್ಲಿ ಅದು ದುಪ್ಪಟ್ಟಾಗುವುದೂ ಉಂಟು. ಈ ಸಂಗತಿಯನ್ನು ಮೊದಲೇ ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ತಗ್ಗಿಸಿ ಅಪಾಯವನ್ನು ತಪ್ಪಿಸಬಹುದು. ತಿಳಿಸದಿದ್ದರೆ ಮೂರ್ಛೆ, ತೀವ್ರ ಮಲಬದ್ಧತೆ, ರಕ್ತದೊತ್ತಡದ ಕುಸಿತ ಮುಂತಾದ, ಪ್ರಾಣಕ್ಕೂ ಎರವಾಗಬಹುದಾದ ತೊಂದರೆಗಳು ಕಾಣಿಸಿಕೊಳ್ಳಬಹುದು.

ಈ ವಿಷಯವು ವೈದ್ಯರಿಗೆ ಸಂಬಂಧಿಸಿದ್ದಲ್ಲವೇ, ಗ್ರಾಮ ಪಂಚಾಯತಿಗೆ ಏಕೆ ಎಂಬ ಪ್ರಶ್ನೆ ಸಹಜವಾಗಿದೆ. ಬೀಡಿಯನ್ನು ಬಿಡುವ ನಿರ್ಧಾರ ಆಸ್ಪತ್ರೆಯಲ್ಲಿ ಆಗುವುದು ವಿರಳ. ಅದು ಮನೆಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಜಾಗೃತಿ ಸಭೆಯಲ್ಲಿ ಆಗುತ್ತದೆ. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 24ರಂದು ಆರಂಭಿಸಿದ 60 ದಿನಗಳ ತಂಬಾಕು ಮುಕ್ತ ಯುವ ಅಭಿಯಾನದಲ್ಲಿ ತಂಬಾಕು ಮುಕ್ತ ಗ್ರಾಮಗಳ ನಿರ್ಮಾಣವೂ ಒಂದು ಗುರಿಯಾಗಿತ್ತು. ಅಂತಹ ಕಾರ್ಯವನ್ನು ಕೈಗೆತ್ತಿಕೊಳ್ಳುವ ಸದಸ್ಯರು ಊರಿನ ಧೂಮಪಾನಿಗಳನ್ನು ನೇರವಾಗಿ ಭೇಟಿಯಾಗಿ ಮನವೊಲಿಸುತ್ತಾರೆ. ವೈದ್ಯರು ತಿಂಗಳಿಗೊಮ್ಮೆ ಕಾಣುವ ರೋಗಿಯನ್ನು ವಾರ್ಡಿನ ಸದಸ್ಯರು ಪ್ರತಿನಿತ್ಯ ಕಾಣುತ್ತಾರೆ.

ಬೆಳಗಾವಿ ಜಿಲ್ಲೆಯ ಈ ಭಾಗಕ್ಕೆ ತಂಬಾಕು ಹೊಸದಲ್ಲ. ನಿಪ್ಪಾಣಿ, ಚಿಕ್ಕೋಡಿ, ಹುಕ್ಕೇರಿಗಳ ಸೀಮೆ ಬೀಡಿ ತಂಬಾಕಿಗೆ ಹೆಸರಾದದ್ದು. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನರು ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಾರೆ. ಸೇದುವವರು ಶೇ 8.8, ಜಗಿಯುವ ಮುಂತಾದ ಹೊಗೆರಹಿತ ರೂಪದಲ್ಲಿ ಬಳಸುವವರು ಶೇ 16.3. ಇತ್ತ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸರಿಸುಮಾರು 300 ಜನರಲ್ಲಿ ಒಬ್ಬರಿಗೆ ಚಿತ್ತವಿಕಲತೆ ಇರುತ್ತದೆ. ಆರು ಸಾವಿರ ಜನಸಂಖ್ಯೆಯ ಒಂದು ಪಂಚಾಯತಿಗೆ ಈ ಪ್ರಮಾಣವನ್ನು ಅನ್ವಯಿಸಿದರೆ ಇಪ್ಪತ್ತರಷ್ಟು ಜನರಾಗುತ್ತಾರೆ. ಇದು ಲೆಕ್ಕದ ಅಂದಾಜು ಮಾತ್ರ, ಗಣತಿಯಲ್ಲ. ಅವರೆಲ್ಲರೂ ಸೇದುವವರಲ್ಲ, ಸೇದುವವರೆಲ್ಲರೂ ಈ ಎರಡು ಔಷಧಗಳನ್ನು ಸೇವಿಸುವವರಲ್ಲ. ಎರಡೂ ಕೂಡಿದವರು ಒಂದು ಪಂಚಾಯತಿಯಲ್ಲಿ ಬೆರಳೆಣಿಕೆಯಷ್ಟೇ ಇರಬಹುದು. ಸಂಖ್ಯೆ ಸಣ್ಣದಾದ ಕಾರಣದಿಂದಲೇ ಅವರು ಕಣ್ತಪ್ಪಿ ಹೋಗುತ್ತಾರೆ.

ಟ್ಯಾಂಕಿನ ನೀರಿನ ಹಾಗೆ

ಶರೀರದಲ್ಲಿ ಔಷಧದ ಮಟ್ಟ ನಿಲ್ಲುವ ಬಗೆಯನ್ನು ಊರಿನ ಓವರ್‌ಹೆಡ್ ಟ್ಯಾಂಕಿಗೆ ಹೋಲಿಸಿ ನೋಡಬಹುದು. ವಾಟರ್‌ಮನ್ ಪ್ರತಿದಿನ ನಿಗದಿತ ತಾಸು ಪಂಪು ಹಚ್ಚುತ್ತಾನೆ. ಅದು ದಿನದ ಗುಳಿಗೆ. ಟ್ಯಾಂಕಿನಿಂದ ಪೈಪಿನ ಮೂಲಕ ನೀರು ಇಳಿದು ಹೋಗುತ್ತಿರುತ್ತದೆ. ಅದು ಔಷಧವನ್ನು ಒಡೆದು ಹೊರಹಾಕುವ ಪಿತ್ತಜನಕಾಂಗದ ಕೆಲಸ. ಬರುವ ನೀರು ಮತ್ತು ಹೋಗುವ ನೀರು ಸರಿದೂಗಿದ ಕಡೆ ಮಟ್ಟ ನಿಲ್ಲುತ್ತದೆ. ಔಷಧದ ಮಟ್ಟ ಬಹಳ ಇಳಿದರೆ ಕಾಯಿಲೆಯ ಲಕ್ಷಣಗಳು ಮರಳುತ್ತವೆ, ಬಹಳ ಏರಿದರೆ ಔಷಧವೇ ತೊಂದರೆ ಕೊಡುತ್ತದೆ. ಇವೆರಡರ ನಡುವಣ ಗೆರೆಯಲ್ಲಿ ಮಟ್ಟವನ್ನು ನಿಲ್ಲಿಸುವುದೇ ಚಿಕಿತ್ಸೆ.

ಕ್ಲೋಜಪಿನ್ ಮತ್ತು ಓಲಾಂಜಪಿನ್‌ಗಳನ್ನು ಒಡೆಯುವ ಕೆಲಸದಲ್ಲಿ ಪಿತ್ತಜನಕಾಂಗದ ಒಂದು ಕಿಣ್ವಕ್ಕೆ ಪ್ರಮುಖ ಪಾತ್ರವಿದೆ. ವೈದ್ಯಶಾಸ್ತ್ರದಲ್ಲಿ ಅದನ್ನು ಸಿವೈಪಿ1ಎ2 ಎಂದು ಕರೆಯುತ್ತಾರೆ. ತಂಬಾಕು ಉರಿದಾಗ ಹುಟ್ಟುವ ಹೊಗೆಯಲ್ಲಿ, ಡಾಂಬರಿನ ಜಾತಿಗೆ ಸೇರಿದ ಕೆಲವು ರಾಸಾಯನಿಕಗಳಿರುತ್ತವೆ. ಅವು ಶರೀರವನ್ನು ಸೇರಿದಾಗ ಪಿತ್ತಜನಕಾಂಗವು ಈ ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತದೆ. ಟ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಎರಡನೆಯ ವಾಲ್ವ್ ತೆರೆದಂತೆ. ಸೇದುವ ವ್ಯಕ್ತಿಯ ರಕ್ತದಿಂದ ಔಷಧ ಬೇಗ ಬೇಗ ಖಾಲಿಯಾಗುತ್ತದೆ. ಕಾಯಿಲೆ ಹತೋಟಿಗೆ ಬಾರದ್ದನ್ನು ಕಂಡ ವೈದ್ಯರು ಪ್ರಮಾಣವನ್ನು ಏರಿಸುತ್ತ ಹೋಗುತ್ತಾರೆ, ಒಂದು ಹಂತದಲ್ಲಿ ರೋಗಿ ಸುಧಾರಿಸುತ್ತಾನೆ. ಆ ಔಷಧ ಚೀಟಿಯಲ್ಲಿ ಬೀಡಿಯ ಮಾತು ಎಲ್ಲಿಯೂ ಬರೆದಿರುವುದಿಲ್ಲ; ಆದರೆ ಅಲ್ಲಿರುವ ಮಿಲಿಗ್ರಾಂ ಅಂಕಿಯೊಳಗೆ ದಿನದ ಬೀಡಿಯ ಕಟ್ಟೂ ಲೆಕ್ಕಕ್ಕೆ ಬಂದಿರುತ್ತದೆ.

ಅಂತಹ ವ್ಯಕ್ತಿ ಸೇದುವುದನ್ನು ಬಿಟ್ಟಾಗ ಎರಡನೆಯ ವಾಲ್ವ್ ಮುಚ್ಚುತ್ತದೆ. ಪಂಪಿನ ತಾಸು ಮಾತ್ರ ಮೊದಲಿನಷ್ಟೇ. ಮಟ್ಟ ಏರುತ್ತ ಹೋಗಿ ಹೊಸದೊಂದು ಎತ್ತರದಲ್ಲಿ ನಿಲ್ಲುತ್ತದೆ. ಆ ಎತ್ತರ ಅವನಿಗೆ ಸುರಕ್ಷಿತವೇ ಅಲ್ಲವೇ ಎಂಬುದೇ ಪ್ರಶ್ನೆ.

ಈ ಬದಲಾವಣೆಗೆ ಕಾರಣ ಹೊಗೆ, ನಿಕೋಟಿನ್ ಅಲ್ಲ ಎಂಬ ಅಂಶವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಚಟ ಹಿಡಿಸುವುದು ನಿಕೋಟಿನ್. ಕಿಣ್ವವನ್ನು ಹೆಚ್ಚಿಸುವುದು ಹೊಗೆ. ಇದರಿಂದ ಎರಡು ಪರಿಣಾಮಗಳು ಹೊರಡುತ್ತವೆ. ಬೀಡಿ ಬಿಟ್ಟು ನಿಕೋಟಿನ್ ಗಮ್ ಅಥವಾ ಪಟ್ಟಿಯನ್ನು ಬಳಸುವವನಿಗೆ ಚಡಪಡಿಕೆ ಕಡಿಮೆಯಾಗುತ್ತದೆ, ಆದರೆ ಔಷಧದ ಮಟ್ಟ ಏರುವುದು ತಪ್ಪುವುದಿಲ್ಲ. ಹಾಗೆಯೇ ಬೀಡಿ ಬಿಟ್ಟು ಗುಟ್ಕಾ, ಸುಣ್ಣ ಬೆರೆಸಿದ ತಂಬಾಕು ಅಥವಾ ಮಿಶ್ರಿಗೆ ಹೊರಳಿದವನು ತಂಬಾಕನ್ನು ಬಿಟ್ಟಂತಾಗಲಿಲ್ಲ. ಬಾಯಿಯ ಕ್ಯಾನ್ಸರ್‌ನ ಭಯ ಹಾಗೆಯೇ ಉಳಿಯಿತು. ಆದರೆ ಗುಳಿಗೆಯ ದೃಷ್ಟಿಯಿಂದ ಅವನು ಪೂರ್ತಿಯಾಗಿ ಬಿಟ್ಟವನೇ ಸರಿ. “ಬಿಟ್ಟಿಲ್ಲ, ಬರೀ ಬದಲಾಯಿಸಿದ್ದಾನೆ” ಎಂದು ಮನೆಯವರು ಸುಮ್ಮನಿರುವ ಸಂದರ್ಭ ಇದು. ಗಾಂಜಾ ಸೇದುವವರ ವಿಷಯದಲ್ಲಿಯೂ ಹೊಗೆಯ ಈ ತತ್ತ್ವ ಅನ್ವಯಿಸುತ್ತದೆ.

ಎಷ್ಟು ದಿನ, ಎಷ್ಟು ಪ್ರಮಾಣ

ವಾಲ್ವ್ ಒಮ್ಮೆಲೇ ಮುಚ್ಚುವುದಿಲ್ಲ. ದಿನಕ್ಕೆ ಬಹಳ ಸಿಗರೇಟು ಸೇದುವವರು ಸೇದುವುದನ್ನು ನಿಲ್ಲಿಸಿದಾಗ ಈ ಕಿಣ್ವದ ಹೆಚ್ಚುವರಿ ಚಟುವಟಿಕೆಯು ಸುಮಾರು 39 ಗಂಟೆಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ ಎಂದು 2004ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ತೋರಿಸಿತು. ಲೆಕ್ಕ ಹಾಕಿದರೆ ಒಂದೂವರೆ ದಿನ ಕಳೆದ ಮೇಲೆ ಅರ್ಧ, ಮೂರು ದಿನ ದಾಟಿದ ಮೇಲೆ ಕಾಲು ಭಾಗ, ಐದನೆಯ ದಿನದ ಹೊತ್ತಿಗೆ ಎಂಟನೆಯ ಒಂದು ಭಾಗ ಮಾತ್ರ ಉಳಿಯುತ್ತದೆ. ವಾರ ತುಂಬುವಷ್ಟರಲ್ಲಿ ಅದು ಹೆಚ್ಚುಕಡಿಮೆ ಮುಗಿದಿರುತ್ತದೆ. ಹೀಗಾಗಿ ಮೂರನೆಯ ದಿನದಿಂದ ಎರಡನೆಯ ವಾರದ ಕೊನೆಯವರೆಗಿನ ಅವಧಿಯಲ್ಲಿ ಹೆಚ್ಚಿನ ನಿಗಾ ಬೇಕು. “ತಿಂಗಳ ಭೇಟಿಗೆ ಹೋದಾಗ ಹೇಳಿದರಾಯಿತು” ಎಂಬ ಧೋರಣೆ ಇಲ್ಲಿ ನಡೆಯದು. ಅಷ್ಟರೊಳಗೆ ಆಗಬೇಕಾದದ್ದೆಲ್ಲ ಆಗಿಹೋಗಿರುತ್ತದೆ.

ಪ್ರಮಾಣದ ಅಂತರ ಎಷ್ಟು ಎಂಬುದಕ್ಕೆ 2014ರಲ್ಲಿ ಜಪಾನಿನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ ಉತ್ತರವಿದೆ. ಸೇದುವವನಿಗೆ 20 ಮಿಲಿಗ್ರಾಂ ಓಲಾಂಜಪಿನ್ ಬೇಕಾದಲ್ಲಿ ಸೇದದವನಿಗೆ 14 ಮಿಲಿಗ್ರಾಂ, ಸೇದುವವನಿಗೆ 400 ಮಿಲಿಗ್ರಾಂ ಕ್ಲೋಜಪಿನ್ ಬೇಕಾದಲ್ಲಿ ಸೇದದವನಿಗೆ 200 ಮಿಲಿಗ್ರಾಂ ಎಂಬುದು ಅವರ ಅಂದಾಜು. ಇವು ಸರಾಸರಿಯ ಅಂಕಿಗಳು. ವ್ಯಕ್ತಿಯಿಂದ ವ್ಯಕ್ತಿಗೆ ಅಂತರ ದೊಡ್ಡದಿರುತ್ತದೆ. ಆದಕಾರಣ ಈ ಲೇಖನವನ್ನು ಓದಿ ಯಾರೂ ಯಾರ ಗುಳಿಗೆಯನ್ನೂ ಅರ್ಧ ಮಾಡಕೂಡದು, ಮಾಡಿಸಲೂ ಕೂಡದು. ಎಷ್ಟು ತಗ್ಗಿಸಬೇಕು, ಒಂದೇ ಸಲವೋ ಹಂತಹಂತವಾಗಿಯೋ ಎಂಬುದನ್ನು ಮನೋವೈದ್ಯರೇ ನಿರ್ಧರಿಸುತ್ತಾರೆ.

ಇನ್ನೊಂದು ವಿಚಿತ್ರವೂ ಇದೆ. ದಿನಕ್ಕೆ ಏಳರಿಂದ ಹನ್ನೆರಡು ಸಿಗರೇಟು ಸೇದಿದರೂ ಈ ಕಿಣ್ವವು ತನ್ನ ಗರಿಷ್ಠ ಮಟ್ಟವನ್ನು ಮುಟ್ಟಬಹುದು ಎಂದು ನಾರ್ವೆಯ 2006ರ ಅಧ್ಯಯನವೊಂದು ಕಂಡುಕೊಂಡಿತು. ಎಂದರೆ ಇಪ್ಪತ್ತರಿಂದ ಹತ್ತಕ್ಕೆ ಇಳಿಸಿದವನಲ್ಲಿ ಔಷಧದ ಮಟ್ಟ ಹೆಚ್ಚು ಬದಲಾಗದೆ ಇರಬಹುದು. ಹತ್ತರಿಂದ ಸೊನ್ನೆಗೆ ಬಂದಾಗ ಪೂರ್ತಿ ಬದಲಾವಣೆ ಒಮ್ಮೆಗೇ ಎದುರಾಗುತ್ತದೆ. “ಕಡಿಮೆ ಮಾಡಿದಾಗ ಏನೂ ಆಗಲಿಲ್ಲ, ಬಿಟ್ಟರೂ ಏನೂ ಆಗದು” ಎಂಬ ತರ್ಕ ಇದರಿಂದ ತಪ್ಪಾಗುತ್ತದೆ.

ಮನೆಯವರು ಕಾಣುವುದು, ಮನೆಯವರು ತಿಳಿಯುವುದು

ಔಷಧದ ಮಟ್ಟ ಏರಿದಾಗ ಮೊದಲು ಕಾಣುವ ಲಕ್ಷಣಗಳು ಸಾಮಾನ್ಯವಾಗಿರುತ್ತವೆ. ಹೊತ್ತೇರಿದರೂ ಎಚ್ಚರವಾಗದ ಮಂಪರು, ದಿಂಬು ತೋಯುವಷ್ಟು ಜೊಲ್ಲು, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ತೊದಲು, ಎದೆಬಡಿತದ ವೇಗ, ಮಲಬದ್ಧತೆ. ಇನ್ನೂ ಏರಿದರೆ ಗೊಂದಲ, ಕೈಕಾಲು ಎಳೆತ, ಮೂರ್ಛೆ. ಕ್ಲೋಜಪಿನ್ ಸೇವಿಸುವವರಲ್ಲಿ ಮಲಬದ್ಧತೆಯನ್ನು ಹಗುರವಾಗಿ ಕಾಣಬಾರದು. ಎರಡು ಮೂರು ದಿನ ಮಲವಿಸರ್ಜನೆಯಾಗದೆ ಹೊಟ್ಟೆ ಉಬ್ಬಿ ನೋವು ಅಥವಾ ವಾಂತಿ ಶುರುವಾದರೆ ಅದು ಕರುಳಿನ ಚಲನೆಯೇ ನಿಂತ ಸೂಚನೆಯಾಗಿರಬಹುದು. ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಲಕ್ಷಣಗಳನ್ನು ಮನೆಯವರು ಮೂರು ಬಗೆಯಲ್ಲಿ ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ. ಮೊದಲನೆಯದು, ಬೀಡಿ ಬಿಟ್ಟದ್ದಕ್ಕೆ ಹೀಗಾಗುತ್ತಿದೆ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂಬ ಭಾವನೆ. ಇದರಲ್ಲಿ ಅರ್ಧ ಸತ್ಯವಿದೆ. ಆದರೆ ನಿಕೋಟಿನ್ ಸಿಗದ ಚಡಪಡಿಕೆ ಬೇರೆ ರೂಪದ್ದು: ಅದು ಬಿಟ್ಟ ದಿನದಿಂದಲೇ ಆರಂಭವಾಗಿ ಮೊದಲ ಮೂರು ನಾಲ್ಕು ದಿನ ತೀವ್ರವಾಗಿರುತ್ತದೆ, ಸಿಟ್ಟು, ನಿದ್ರೆ ಕೆಡುವುದು, ಹಸಿವು ಹೆಚ್ಚುವುದು ಅದರ ಗುರುತು. ಔಷಧ ಹೆಚ್ಚಾದದ್ದರ ಗುರುತು ನಿದ್ರೆ ಬಾರದಿರುವುದಲ್ಲ, ನಿದ್ರೆ ಬಿಡದಿರುವುದು. ಅದು ಮೂರನೆಯ ನಾಲ್ಕನೆಯ ದಿನದ ನಂತರ ದಿನೇ ದಿನೇ ಬಲವಾಗುತ್ತದೆ. ಎರಡೂ ಒಂದರ ಮೇಲೊಂದು ಬರುವುದರಿಂದ ಮನೆಯವರನ್ನು ದೂರುವಂತಿಲ್ಲ.

ಎರಡನೆಯದು, ಕಾಯಿಲೆಯೇ ಉಲ್ಬಣಿಸಿತು ಎಂಬ ತಿಳಿವಳಿಕೆ. ಮಾತಾಡದೆ ಮುದುಡಿ ಮಲಗಿದವನನ್ನು ಕಂಡಾಗ ಹೀಗೆ ಅನಿಸುವುದು ಸಹಜ. ಸಂಗತಿ ಗೊತ್ತಿಲ್ಲದವರು ಹೆಚ್ಚಿನ ಔಷಧವನ್ನೇ ಕೇಳಿಕೊಂಡು ಹೋಗಬಹುದು. ಇಲ್ಲವೇ ಆತ ಸದ್ದಿಲ್ಲದೆ ಬಿದ್ದುಕೊಂಡದ್ದನ್ನು “ಶಾಂತನಾದ” ಎಂದು ಸಮಾಧಾನಪಡಬಹುದು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಗುಳಿಗೆಯ ಮೇಲೆಯೇ ಅನುಮಾನ ಹುಟ್ಟಿ ಅದನ್ನು ಒಮ್ಮೆಲೇ ನಿಲ್ಲಿಸಿಬಿಡುವುದು. ಕ್ಲೋಜಪಿನ್ ಅನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ರಭಸದಿಂದ ಮರಳಬಹುದು. ಎರಡು ದಿನಕ್ಕಿಂತ ಹೆಚ್ಚು ಕಾಲ ತಪ್ಪಿದ ಕ್ಲೋಜಪಿನ್ ಅನ್ನು ಮೊದಲಿನ ಪೂರ್ಣ ಪ್ರಮಾಣದಲ್ಲಿ ಮತ್ತೆ ನುಂಗಿಸುವಂತೆಯೂ ಇಲ್ಲ. ವೈದ್ಯರು ಸಣ್ಣ ಪ್ರಮಾಣದಿಂದ ಪುನಃ ಏರಿಸುತ್ತ ಬರಬೇಕಾಗುತ್ತದೆ. ಒಂದು ವಾರದ ತಪ್ಪು ತಿಳಿವಳಿಕೆಯಿಂದ ಅನೇಕ ವರ್ಷಗಳ ಚಿಕಿತ್ಸೆ ಮೊದಲಿಗೆ ಬಂದು ನಿಲ್ಲುವುದು ಹೀಗೆ.

ಇಲ್ಲಿ ಒಂದು ಗೊಂದಲವನ್ನು ನಿವಾರಿಸಬೇಕಾಗಿದೆ. ಕ್ಲೋಜಪಿನ್ ಸೇವಿಸುವವರಿಗೆ ಮೊದಲ 18 ವಾರ ಪ್ರತಿ ವಾರ, ಅನಂತರ ಹೆಚ್ಚಿನ ಅಂತರದಲ್ಲಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದು ಬಿಳಿ ರಕ್ತಕಣಗಳ ಎಣಿಕೆ. ಈ ಔಷಧದಿಂದ ಅವು ಕುಸಿಯುವ ಸಾಧ್ಯತೆ ಇರುವುದರಿಂದ ಆ ಎಚ್ಚರಿಕೆ. ಆ ವರದಿ ಸರಿಯಾಗಿದ್ದ ಮಾತ್ರಕ್ಕೆ ರಕ್ತದಲ್ಲಿ ಔಷಧದ ಮಟ್ಟವೂ ಸರಿಯಾಗಿದೆ ಎಂದಾಗುವುದಿಲ್ಲ. ಮಟ್ಟವನ್ನು ಅಳೆಯುವ ಪರೀಕ್ಷೆ ಬೇರೆ. ಅದು ಹತ್ತಿರದ ಲ್ಯಾಬುಗಳಲ್ಲಿ ಸುಲಭವಾಗಿ ದೊರೆಯುವಂಥದ್ದಲ್ಲ. ಆದುದರಿಂದ ನಮ್ಮ ತಾಲ್ಲೂಕುಗಳ ಮಟ್ಟಿಗೆ ಮನೆಯವರು ಕಂಡದ್ದನ್ನು ಸರಿಯಾಗಿ ಹೇಳುವುದೇ ವೈದ್ಯರಿಗೆ ದೊರೆಯುವ ಮುಖ್ಯ ಅಳತೆ.

ಬಿಡುವ ಸಂದರ್ಭಗಳು, ಮತ್ತೆ ಹಿಡಿಯುವ ಸಂದರ್ಭಗಳು

ಅಭಿಯಾನದ ಕಾರಣದಿಂದಲೇ ಜನ ಬೀಡಿ ಬಿಡುತ್ತಾರೆಂದು ಭಾವಿಸಬೇಕಿಲ್ಲ. ಶ್ರಾವಣ ಮಾಸದಲ್ಲಿ ಬಿಡುವವರಿದ್ದಾರೆ. ಅಯ್ಯಪ್ಪ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಧೂಮಪಾನವನ್ನು ವರ್ಜಿಸುತ್ತಾರೆ. ಎದೆನೋವಿಗೋ ಅಪಘಾತಕ್ಕೋ ಆಸ್ಪತ್ರೆ ಸೇರಿದವನಿಗೆ ಅಲ್ಲಿ ಸೇದಲು ಅವಕಾಶವಿರುವುದಿಲ್ಲ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ ಪಾನ್ ಅಂಗಡಿಗಳು ಮುಚ್ಚಿದವು. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಲ್ಲಿ ತಂಬಾಕು ಮಾರಾಟದ ಮೇಲೆ ಕಟ್ಟುನಿಟ್ಟಿನ ನಿರ್ಬಂಧವನ್ನೇ ಸೂಚಿಸಲಾಯಿತು. ಬೀಡಿ ಸಿಗುವುದು ನಿಂತ ಆ ದಿನಗಳಲ್ಲಿ ಆಸ್ಪತ್ರೆಗೆ ಹೋಗಿಬರುವ ಬಸ್ಸುಗಳೂ ನಿಂತಿದ್ದವು. ಊರಿನ ಸದಸ್ಯರಿಗೆ ಆ ವಾರಗಳ ನೆನಪು ಇನ್ನೂ ಮಾಸಿರಲಾರದು.

ಹಣದ ಅಭಾವವೂ ಒಂದು ಕಾರಣ. ಚೆನ್ನೈನ ಮನೋವೈದ್ಯರಾದ ಟಿ. ಎನ್. ಶ್ರೀನಿವಾಸನ್ ಮತ್ತು ಆರ್. ತಾರಾ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಪುರುಷ ರೋಗಿಗಳಲ್ಲಿ ಶೇ 38ರಷ್ಟು ಜನರು ಸೇದುವವರಾಗಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ವರದಿಯಾದ ಪ್ರಮಾಣಕ್ಕಿಂತ ಇದು ಬಹಳ ಕಡಿಮೆ. ಇದಕ್ಕೆಲ್ಲ ಶರೀರಧರ್ಮವೊಂದೇ ಕಾರಣವಲ್ಲ, ಸಮಾಜದ ಪಾತ್ರವೂ ಇದೆ ಎಂಬುದು ಅವರ ವಾದವಾಗಿತ್ತು. ನಮ್ಮ ಹಳ್ಳಿಗಳಲ್ಲಿ ಇದರ ಅರ್ಥ ಸ್ಪಷ್ಟ: ರೋಗಿಯ ಕೈಯಲ್ಲಿ ಸ್ವಂತ ದುಡ್ಡು ಇರುವುದು ಅಪರೂಪ. ಅವ್ವನೋ ಅಣ್ಣನೋ ಕೊಟ್ಟ ಹಣದಲ್ಲಿ ಬೀಡಿ ಬರುತ್ತದೆ. ಆ ಹಣ ನಿಂತ ದಿನ ಬೀಡಿಯೂ ನಿಲ್ಲುತ್ತದೆ. ಅದು ಅವನ ನಿರ್ಧಾರವೂ ಆಗಿರುವುದಿಲ್ಲ, ಯಾರೂ ಅದನ್ನು “ಬಿಟ್ಟ” ಎಂದು ಗುರುತಿಸುವುದೂ ಇಲ್ಲ.

ಬಿಟ್ಟವನು ಮತ್ತೆ ಸೇದತೊಡಗಿದಾಗ ಲೆಕ್ಕ ತಿರುವುಮುರುವಾಗುತ್ತದೆ. ಆಸ್ಪತ್ರೆಯಲ್ಲಿ ಮೂರು ನಾಲ್ಕು ವಾರ ಸೇದದೆ ಇದ್ದಾಗ ವೈದ್ಯರು ಗೊತ್ತುಪಡಿಸಿದ ಪ್ರಮಾಣ ಸೇದದ ಶರೀರಕ್ಕೆ ಸರಿಯಾದದ್ದು. ಊರಿಗೆ ಮರಳಿ ಹಳೆಯ ಗೆಳೆಯರ ಜೊತೆ ಕುಳಿತ ಮೇಲೆ, ಅಥವಾ ಮಾಲೆ ತೆಗೆದ ಮೇಲೆ, ಅಥವಾ ಕಬ್ಬು ಕಟಾವಿನ ಗುಂಪಿನೊಡನೆ ಹೋಗಿ ಬೀಡಿ ಹಿಡಿದ ಮೇಲೆ, ಎರಡನೆಯ ವಾಲ್ವ್ ಪುನಃ ತೆರೆಯುತ್ತದೆ, ಔಷಧದ ಮಟ್ಟ ಇಳಿಯುತ್ತದೆ. ಆಗ ಕಿವಿಯಲ್ಲಿ ಧ್ವನಿಗಳು, ಸಂಶಯ, ರಾತ್ರಿಯ ಅಲೆದಾಟ ಮರಳಿದರೆ “ಗುಳಿಗೆ ತಪ್ಪಿಸಿರಬೇಕು” ಎಂದು ಅವನನ್ನು ಗದರಿಸುತ್ತಾರೆ. ಅವನು ಒಂದನ್ನೂ ತಪ್ಪಿಸಿರಲಿಕ್ಕಿಲ್ಲ. ಹಾಗಾಗಿ ಮತ್ತೆ ಸೇದಿದ್ದನ್ನು ಬೈಗುಳದ ಭಯವಿಲ್ಲದೆ ಹೇಳಿಕೊಳ್ಳುವ ವಾತಾವರಣ ಮನೆಯಲ್ಲಿ ಇರುವುದು ಚಿಕಿತ್ಸೆಯ ಭಾಗವೇ ಆಗುತ್ತದೆ.

ಜ್ವರದ ಸಂಗತಿಯನ್ನೂ ಇದರೊಡನೆ ಸೇರಿಸಿ ನೋಡಬೇಕು. ತೀವ್ರ ಸೋಂಕು ತಗುಲಿದಾಗ ಇದೇ ಕಿಣ್ವದ ಕೆಲಸ ಮಂದವಾಗಿ ಕ್ಲೋಜಪಿನ್ ಮಟ್ಟ ತಾನಾಗಿ ಏರಬಹುದು. ನ್ಯುಮೋನಿಯಾದಿಂದ ಹಾಸಿಗೆ ಹಿಡಿದವನು ಸೇದುವುದೂ ಇಲ್ಲ. ಎರಡೂ ಕಾರಣಗಳು ಒಟ್ಟಿಗೆ ಬಂದಂತಾಯಿತು. ಇದಲ್ಲದೆ ಕ್ಲೋಜಪಿನ್ ಸೇವಿಸುವವನಿಗೆ ಜ್ವರ ಮತ್ತು ಗಂಟಲುನೋವು ಬಂದರೆ ಬಿಳಿ ರಕ್ತಕಣಗಳು ಕುಸಿದಿರುವ ಶಂಕೆಯಿಂದ ಅಂದೇ ರಕ್ತಪರೀಕ್ಷೆ ಆಗಬೇಕು. ಚಹಾದ ಮಾತು ಸಣ್ಣದಾದರೂ ಉಪಯುಕ್ತ. ಚಹಾ ಮತ್ತು ಕಾಫಿಯಲ್ಲಿರುವ ಕೆಫೀನನ್ನು ಒಡೆಯುವುದೂ ಇದೇ ಕಿಣ್ವ. ಬೀಡಿ ಬಿಟ್ಟವನು ಮೊದಲಿನಷ್ಟೇ ಚಹಾ ಕುಡಿದರೆ ಕೆಫೀನ್ ಶರೀರದಲ್ಲಿ ಹೆಚ್ಚು ಹೊತ್ತು ಉಳಿದು ಎದೆಬಡಿತ, ನಡುಕ, ನಿದ್ರಾಭಂಗ ಕೊಡುತ್ತದೆ. ಬಹಳ ಕೆಫೀನ್ ಸೇವನೆಯಿಂದ ಕ್ಲೋಜಪಿನ್ ಮಟ್ಟವೂ ಏರುತ್ತದೆ. ಬೀಡಿಯ ಜಾಗದಲ್ಲಿ ಚಹಾದ ಲೋಟ ಕೊಡುವ ನಮ್ಮ ರೂಢಿಗೆ ಇಲ್ಲಿ ಸ್ವಲ್ಪ ಕಡಿವಾಣ ಬೇಕು.

ಎಲ್ಲ ಔಷಧಗಳಿಗೂ ಈ ನಿಯಮ ಅನ್ವಯಿಸುವುದಿಲ್ಲ. ರಿಸ್ಪೆರಿಡೋನ್, ಅರಿಪಿಪ್ರಜೋಲ್, ಅಮಿಸಲ್ಪ್ರೈಡ್‌ಗಳ ಮೇಲೆ ಧೂಮಪಾನದ ಪ್ರಭಾವ ಗಣನೀಯವಲ್ಲ. ಹ್ಯಾಲೊಪೆರಿಡಾಲ್, ಕ್ಲೋರ್‌ಪ್ರೊಮಜಿನ್ ಮತ್ತು ಕೆಲವರಿಗೆ ಕೊಡುವ ಫ್ಲುಫೆನಜಿನ್ ಚುಚ್ಚುಮದ್ದಿನ ಮೇಲೆ ಸ್ವಲ್ಪಮಟ್ಟಿನ ಪ್ರಭಾವವಿದೆ. ಹೆಸರುಗಳನ್ನು ಬಾಯಿಪಾಠ ಮಾಡುವ ಅಗತ್ಯ ಸದಸ್ಯರಿಗಿಲ್ಲ. ಗುಳಿಗೆಯ ಪಟ್ಟಿಯನ್ನು ವೈದ್ಯರಿಗೋ ಸಮುದಾಯ ಆರೋಗ್ಯ ಅಧಿಕಾರಿಗೋ ತೋರಿಸಿದರೆ ಸಾಕು.

ಹಾಗಾದರೆ ಬೀಡಿ ಬಿಡಿಸಬಾರದೇ

ಇಷ್ಟನ್ನೆಲ್ಲ ಓದಿದ ಮೇಲೆ “ಅವನಿಗೆ ಬೀಡಿಯೇ ಇರಲಿ, ಯಾಕೆ ತೊಂದರೆ” ಎಂಬ ತೀರ್ಮಾನಕ್ಕೆ ಬರುವ ಸಂಭವವಿದೆ. ಅದು ಸರಿಯಲ್ಲ. ಚಿತ್ತವಿಕಲತೆ ಇರುವವರ ಆಯುಷ್ಯವು ಇತರರಿಗಿಂತ 10ರಿಂದ 20 ವರ್ಷ ಕಡಿಮೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. ಅವರ ಅಕಾಲಿಕ ಮರಣಕ್ಕೆ ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳಂತಹ ಶಾರೀರಿಕ ಕಾರಣಗಳೇ ಬಹುಪಾಲು. ಇವುಗಳಲ್ಲಿ ಧೂಮಪಾನದ ಪಾಲು ದೊಡ್ಡದು. ಮನಸ್ಸಿನ ಕಾಯಿಲೆ ಇದೆ ಎಂಬ ಕಾರಣಕ್ಕೆ ಅವರಿಗೆ ಬೀಡಿಯನ್ನು ಬಿಟ್ಟುಕೊಡುವುದು ಕರುಣೆಯಂತೆ ಕಂಡರೂ ಅದು ಅವರ ಆಯುಷ್ಯದ ವಿಷಯದಲ್ಲಿ ತೋರುವ ಉದಾಸೀನ. ಇನ್ನೊಂದು ಲಾಭವೂ ಇದೆ: ಬಿಟ್ಟು ನಿಂತವನಿಗೆ ಕಡಿಮೆ ಗುಳಿಗೆಯಲ್ಲಿಯೇ ಅಷ್ಟೇ ಗುಣ ದೊರೆಯುತ್ತದೆ. ಬಿಡುವ ದಿನವನ್ನು ಮೊದಲೇ ಗೊತ್ತುಮಾಡಿ ವೈದ್ಯರಿಗೆ ತಿಳಿಸಿದರೆ ಪ್ರಮಾಣ ಹೊಂದಿಸುವುದು ಕಷ್ಟವಾಗದು. ನಿಕೋಟಿನ್ ಗಮ್ ಬಳಸಬಹುದು. ಆದರೆ ಚಟ ಬಿಡಿಸುವ ಬುಪ್ರೊಪಿಯಾನ್ ಎಂಬ ಗುಳಿಗೆ ಮೂರ್ಛೆಯ ಸಾಧ್ಯತೆಯನ್ನು ಹೆಚ್ಚಿಸುವುದರಿಂದ ಕ್ಲೋಜಪಿನ್ ಸೇವಿಸುವವರು ಮನೋವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು.

ಪಂಚಾಯತಿಯ ಪಾತ್ರ

ಜಾಗೃತಿ ಕಾರ್ಯದಲ್ಲಿ ಹೊಸ ಯೋಜನೆಯ ಅಗತ್ಯವಿಲ್ಲ. ಬೀಡಿ ಬಿಡಲು ಒಪ್ಪಿದ ಪ್ರತಿಯೊಬ್ಬರಿಗೂ ಆಶಾ ಕಾರ್ಯಕರ್ತೆಯು ಒಂದು ಪ್ರಶ್ನೆ ಕೇಳಿದರೆ ಆಯಿತು: ದಿನನಿತ್ಯ ಯಾವುದಾದರೂ ಗುಳಿಗೆ ಸೇವಿಸುತ್ತೀರಾ? ಎಲ್ಲರಿಗೂ ಕೇಳುವುದರಿಂದ ಮಾನಸಿಕ ಕಾಯಿಲೆ ಇರುವವರನ್ನು ಬೇರೆಯಾಗಿ ಬೊಟ್ಟು ಮಾಡಿದಂತಾಗುವುದಿಲ್ಲ. ಹೌದು ಎಂದವರ ಗುಳಿಗೆಯ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸುವಂತೆ ತಿಳಿಸಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಈ ಕ್ರಮವನ್ನು ತೀರ್ಮಾನಿಸಬಹುದು.

ತೀರ್ಮಾನದಲ್ಲಿ ಕ್ರಮ ಮಾತ್ರ ಇರಬೇಕು, ಹೆಸರುಗಳು ಇರಕೂಡದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಪ್ರಕರಣವು ವ್ಯಕ್ತಿಯ ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಗ್ರಾಮಸಭೆಯಲ್ಲಿ ರೋಗಿಗಳ ಪಟ್ಟಿ ಓದುವುದು, ವಾಟ್ಸಾಪ್ ಗುಂಪಿನಲ್ಲಿ ಹಂಚುವುದು ಸದುದ್ದೇಶದಿಂದಲೂ ಆಗಬಾರದ ಕೆಲಸ. ಸಾರ್ವಜನಿಕ ಸ್ಥಳದ ಧೂಮಪಾನ ನಿಷೇಧ ಎಲ್ಲರಿಗೂ ಒಂದೇ ಆದರೂ, ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಬೀಡಿಯನ್ನು ಬಲವಂತದಿಂದ ಕಿತ್ತುಕೊಂಡು ಸಾಧನೆಯೆಂದು ತೋರಿಸುವುದು ಬೇಡ. ಹಾಗೆ ಥಟ್ಟನೆ ಬಿಡಿಸಿದ ವಾರದಲ್ಲಿಯೇ ಮೇಲೆ ಹೇಳಿದ ಅಪಾಯವಿದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಕರ್ನಾಟಕದಲ್ಲಿಯೇ ಇದೆ. ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ಮಂಗಳವಾರದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ. ತಮ್ಮ ತಾಲ್ಲೂಕಿನಲ್ಲಿ ಅದು ಯಾವ ದಿನ, ಯಾವ ಆಸ್ಪತ್ರೆಯಲ್ಲಿ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಿಂದ ಖಚಿತಪಡಿಸಿಕೊಂಡು ಪಂಚಾಯತಿಯ ಫಲಕದಲ್ಲಿ ಬರೆಸುವುದು ಒಳಿತು. ಮುಂದಿನ ಹಂತದ ಚಿಕಿತ್ಸೆಗೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಮತ್ತು ಧಾರವಾಡದ ಡಿಮ್ಹಾನ್ಸ್ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿರುವುದರಿಂದ, ಅರ್ಹರಿಗೆ ಗುರುತಿನ ಚೀಟಿ ಮಾಡಿಸಿಕೊಡುವಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಬಿಟ್ಟ ವಾರದಲ್ಲಿ ಮಂಪರು, ತೂರಾಟ ಕಂಡುಬಂದು ವೈದ್ಯರ ಭೇಟಿಗೆ ಇನ್ನೂ ದಿನಗಳಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ತಾಸೂ ಉಚಿತವಾಗಿದ್ದು, ಕನ್ನಡದಲ್ಲಿಯೂ ದೊರೆಯುತ್ತದೆ. ತಂಬಾಕು ಬಿಡಲು ಸಲಹೆ ನೀಡುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-11-2356. ಮೂರ್ಛೆ, ಎಬ್ಬಿಸಿದರೂ ಏಳದ ಸ್ಥಿತಿ, ಹೊಟ್ಟೆಯುಬ್ಬರದೊಂದಿಗೆ ವಾಂತಿ ಇದ್ದರೆ ಯಾವ ಸಹಾಯವಾಣಿಯನ್ನೂ ಕಾಯದೆ 108 ಆಂಬುಲೆನ್ಸ್ ಕರೆಯಬೇಕು. ಕರೆ ಮಾಡುವಾಗಲೂ ಆಸ್ಪತ್ರೆಗೆ ಹೋಗುವಾಗಲೂ ಗುಳಿಗೆಯ ಪಟ್ಟಿ, ಹಿಂದಿನ ಔಷಧ ಚೀಟಿ ಮತ್ತು ಕೊನೆಯ ಬೀಡಿ ಸೇದಿದ ದಿನಾಂಕ, ಈ ಮೂರು ಕೈಯಲ್ಲಿರಲಿ.